ಗುಂಡಿ ಒತ್ತಿದ ಕೈ

ಗುರುವಾರ
ಪ್ರಯೋಗಾಲಯ, ಮಧ್ಯಾಹ್ನದ ಬಿಡುವು

ಅಮ್ಮಾ,

‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ’ ಎಂದು ಶುರು ಮಾಡೋಣವೆಂದರೆ ಕೈ ಓಡುತ್ತಿಲ್ಲ. ನಾನು ಕ್ಷೇಮವಾಗಿಲ್ಲ. ಸಿಟ್ಟಾಗಿದ್ದೇನೆ. ಬೆಳಿಗ್ಗೆಯಿಂದ ಎರಡು ಗಾಜಿನ ನಳಿಕೆ ಕೈಜಾರಿ ಒಡೆದವು. ಪಕ್ಕದ ಮೇಜಿನವಳು ‘ಇವತ್ತು ನೀವು ನೀರು ಪರೀಕ್ಷೆ ಮಾಡ್ಬೇಡಿ ಮೇಡಂ, ಸುಮ್ನೆ ಕುಡೀರಿ’ ಎಂದು ಲೋಟ ತಂದಿಟ್ಟು ಹೋದಳು.

ಒಂದೇ ಊರಿನಲ್ಲಿ, ಎರಡು ಬಸ್ಸು ಬದಲಿಸಿದರೆ ಸಿಗುವ ಮಗಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಎದುರಿಗೆ ಕೂತರೆ ನಿನ್ನ ಹತ್ತಿರ ಜಗಳವಾಡಲು ಆಗುವುದಿಲ್ಲ, ಅದಕ್ಕೆ. ನೀನು ಆಯುಷ್ಯವೆಲ್ಲ ನಾಟಕದ ಪ್ರಾಂಪ್ಟರ್ ಆಗಿ, ಮರೆತ ನಟರಿಗೆ ಪಕ್ಕದಿಂದ ಮಾತು ಕೊಟ್ಟವಳು. ನಾನು ಬಾಯಿ ತೆರೆದು ಉಸಿರೆಳೆದುಕೊಳ್ಳುವಷ್ಟರಲ್ಲಿ ನನ್ನ ಮುಂದಿನ ಮಾತನ್ನು ನೀನೇ ಕೊಟ್ಟುಬಿಡುತ್ತೀಯ. ‘ಗೊತ್ತು ಬಿಡು, ಈಗ ನೀನು ಹೀಗೆ ಹೇಳ್ತೀಯ’ ಅನ್ನುತ್ತೀಯ. ನೀನು ಕೊಟ್ಟ ಮಾತು ನನ್ನ ಮಾತಿಗಿಂತ ಚೆನ್ನಾಗಿರುತ್ತದೆ, ಅದೇ ಹಣೆಬರಹ. ಅದನ್ನೇ ಹೇಳಿ, ಸೋತು, ಕಾಫಿ ಕುಡಿದು ವಾಪಸ್ ಬರುತ್ತೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ. ಕೊನೆಯವರೆಗೆ ಓದಬೇಕು. ಕಾಗುಣಿತದ ತಪ್ಪುಗಳನ್ನು ಆಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿಕೊ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದು ನೀನೇ, ‘ಇವಳಾದ್ರೂ ಬೆಳಕಲ್ಲಿ ಕೂತು ಕೆಲಸ ಮಾಡ್ಲಿ’ ಎಂದು. ನನಗೆ ಬಂದ ಕನ್ನಡವೆಲ್ಲ ರಂಗದ ಪಕ್ಕದ ಕತ್ತಲಲ್ಲಿ, ನಿನ್ನ ಪಿಸುಮಾತಿನಿಂದ ಬಂದದ್ದು.

ವಿಷಯಕ್ಕೆ ಬರುತ್ತೇನೆ. ಆಟದ ಸಂಜೆ ಅಪ್ಪನ ಹೃದಯ ಕಾಯುವ ಜಾಕೆಟ್ಟಿನ ಗುಂಡಿ ಒತ್ತಿದ್ದು ಅಪ್ಪ ಅಲ್ಲ. ನೀನು.

ನಿನ್ನೆ ಗುಂಗುರಿ ಫೋನ್ ಮಾಡಿದ್ದಳು. ನಾಟಕದಲ್ಲಿ ಕಾಯುವ ಹೆಂಗಸಿನ ಪಾತ್ರ ಮಾಡುತ್ತಾಳಲ್ಲ, ಗುಂಗುರು ಕೂದಲಿನವಳು, ಅವಳೇ. ದೂರು ಹೇಳಲು ಮಾಡಿರಲಿಲ್ಲ, ನಿನ್ನನ್ನು ಹೊಗಳಲು ಮಾಡಿದ್ದಳು. ‘ಅಕ್ಕಾ, ನಿಮ್ಮಮ್ಮ ಮನುಷ್ಯಳೇ ಅಲ್ಲ ಬಿಡಿ’ ಎಂದು ಶುರು ಮಾಡಿದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ, ನನ್ನ ಉಪ್ಪುಖಾರ ಸೇರಿಸುವುದಿಲ್ಲ.

‘ನಾನು ಕುರ್ಚಿ ಮೇಲೆ ಸುಮ್ನೆ ಕೂತು ಕಾಯೋ ಸೀನು. ಗೊತ್ತಲ್ಲ, ಮಾತಿಲ್ಲ ಕತೆಯಿಲ್ಲ, ದೀಪ ಮಾತ್ರ ಇಷ್ಟಿಷ್ಟೇ ಇಳೀಬೇಕು. ನನ್ನ ಮುಖ ಪಕ್ಕದ ವಿಂಗ್ ಕಡೆಗೇ, ನಿಮ್ಮಪ್ಪ ದೀಪದ ಬೋರ್ಡ್ ಮುಂದೆ ಅಮ್ಮನ ಜೊತೆ ಕೂತಿರ್ತಾರಲ್ಲ, ಅಲ್ಲಿಗೆ. ನೋಡ್ತೀನಿ, ನಿಮ್ಮಪ್ಪ ವಾಲಿ ಅಮ್ಮನ ಹೆಗಲ ಮೇಲೆ ಬಿದ್ರು. ಪಾಪ, ಜೊಂಪು. ಅಷ್ಟರಲ್ಲಿ ಅವರ ಜಾಕೆಟ್ಟು ಕುಂಯ್ ಅಂತ ಬಾಯಿ ಬಿಡ್ತು. ಇವತ್ತು ಆಟ ಕೆಡ್ತು ಅಂದ್ಕೊಂಡೆ. ನಿಮ್ಮಮ್ಮ ಏನ್ ಮಾಡಿದ್ರು ಗೊತ್ತಾ? ಒಂದು ಕೈಯಲ್ಲಿ ಶಾಲಿನ ಒಳಗೆ ಆ ಜಾಕೆಟ್ಟಿನ ಸೊಂಟದ ಡಬ್ಬೀನ ಹಿಸುಕಿ ಹಿಡ್ಕೊಂಡ್ರು. ಇನ್ನೊಂದು ಕೈಯಲ್ಲಿ ದೀಪ ಇಳಿಸಿದ್ರು! ಮೊದಲ ಸಾಲಿನವರಿಗೂ ಸದ್ದು ಕೇಳ್ಲಿಲ್ಲ. ಅಷ್ಟು ಚೆನ್ನಾಗಿ ನಿಮ್ಮಪ್ಪಾನೂ ಯಾವತ್ತೂ ದೀಪ ಇಳಿಸಿಲ್ಲ, ಅವರಿಗೆ ಹೇಳ್ಬೇಡಿ ಮತ್ತೆ. ಕತ್ತಲಾದ್ಮೇಲೆ ಎಚ್ಚರ ಆಯ್ತು ಅವರಿಗೆ. “ದೀಪ?” ಅಂದ್ರು. ಅಮ್ಮ “ಇಳೀತು” ಅಂದ್ರು. ಅಷ್ಟೇ!’

ಅವಳು ನಕ್ಕಳು. ನಾನೂ ಅಭ್ಯಾಸಬಲದಿಂದ ನಕ್ಕೆ. ಫೋನ್ ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಏಳಲಿಲ್ಲ.

ಯಾಕೆ ಎಂದು ನಿನಗೆ ಇನ್ನೂ ಅರ್ಥವಾಗಿಲ್ಲದಿದ್ದರೆ, ಅದೇ ನನ್ನ ಸಿಟ್ಟಿನ ಮೊದಲನೆಯ ಕಾರಣ.

ಮಂಗಳವಾರ ನಾವು ಮೂವರೂ ಡಾಕ್ಟರಮ್ಮನ ಕೋಣೆಯಲ್ಲಿ ಕೂತಿದ್ದೆವು. ಎಕೋ ಚೆನ್ನಾಗಿ ಬಂದಿತ್ತು. ಹೃದಯದ ಪಂಪು ಸುಧಾರಿಸಿದೆ ಎಂದರು. ಇಸಿಜಿಯನ್ನು ಹಳೆಯದರ ಪಕ್ಕದಲ್ಲಿಟ್ಟು, ಆಗ ಏರುಪೇರಾಗಿದ್ದದ್ದು ಈಗ ಒಂದು ಸಮಕ್ಕೆ ಬರುತ್ತಿದೆ ಎಂದು ಪೆನ್ಸಿಲಿನಿಂದ ತೋರಿಸಿದರು. ಆಮೇಲೆ ಒಂದೇ ಒಂದು ಅನುಮಾನ ಎಂದರು. ಆಟದ ಸಂಜೆ ಜಾಕೆಟ್ಟಿನ ಯಂತ್ರ ವೇಗದ, ತಪ್ಪು ಬಡಿತಗಳ ಒಂದು ಓಟವನ್ನು ಹಿಡಿದಿತ್ತು. ಗುಂಡಿ ಒತ್ತಿದ್ದರಿಂದ ಶಾಕ್ ಕೊಡದೆ ಕಾದಿತ್ತು. ಅಷ್ಟರಲ್ಲಿ ಬಡಿತ ತಾನಾಗಿಯೇ ಸರಿಹೋಗಿತ್ತು. ಅವರು ಅಪ್ಪನ ಕಡೆ ತಿರುಗಿ ಕೇಳಿದರು: ‘ಒತ್ತಿದ್ದು ನೀವೇ ತಾನೇ? ಪೂರ್ತಿ ಎಚ್ಚರ ಇತ್ತಾ?’

ಅಪ್ಪ ಬಾಯಿ ತೆರೆದರು. ನೀನು ಮಾತು ಕೊಟ್ಟೆ. ‘ಇವರೇ ಒತ್ತಿದ್ದು ಡಾಕ್ಟ್ರೇ. ಎಚ್ಚರವಾಗೇ ಇದ್ರು, ಕೆಲಸ ಮಾಡ್ತಾನೇ ಇದ್ರು.’

ಅಪ್ಪ ನಿನ್ನನ್ನು ನೋಡಿದರು. ಮಾತು ಮರೆತ ನಟ ಪಕ್ಕಕ್ಕೆ ನೋಡುವ ಹಾಗೆ. ಆಮೇಲೆ ‘ಹೌದು, ನಾನೇ’ ಅಂದರು. ಡಾಕ್ಟರಮ್ಮ ಬರೆದುಕೊಂಡರು. ‘ಹಾಗಾದ್ರೆ ಒಳ್ಳೇದೇ ಆಯ್ತು. ಆ ಬಡಿತದಲ್ಲೂ ಎಚ್ಚರ ತಪ್ಪಿಲ್ಲ, ತಾನಾಗೇ ನಿಂತಿದೆ. ಹೃದಯ ಹದಕ್ಕೆ ಬರ್ತಾ ಇದೆ. ಎದೆಯೊಳಗೆ ಯಂತ್ರ ಕೂರಿಸೋ ಅಗತ್ಯ ಕಾಣಲ್ಲ. ಮಾತ್ರೆ ಮುಂದುವರಿಸೋಣ. ಸೋಮವಾರ ಬಂದು ಜಾಕೆಟ್ ವಾಪಸ್ ಕೊಡಿ’ ಎಂದರು. ನೀನು ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ. ಅಷ್ಟು ಖುಷಿಯಲ್ಲಿದ್ದೆ.

ಅಮ್ಮಾ, ನೀನು ಹೇಳಿದ ಆ ಒಂದು ಸಾಲಿನ ಮೇಲೆ ಅವರು ಅಪ್ಪನ ಮೈಮೇಲಿರುವ ಕಾವಲನ್ನು ತೆಗೆಯುತ್ತಿದ್ದಾರೆ.

ಹೃದಯಾಘಾತವಾಗಿ, ಮುಚ್ಚಿದ ರಕ್ತನಾಳ ತೆರೆಸಿಕೊಂಡ ಅಪ್ಪನನ್ನು ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರಮ್ಮ ವಿವರಿಸಿದ್ದನ್ನು ನೀನು ತಲೆಯಾಡಿಸುತ್ತ ಕೇಳಿದೆ. ನೀನು ಯಾವ ಮಾತನ್ನಾದರೂ ಬಾಯಿಪಾಠ ಒಪ್ಪಿಸಬಲ್ಲೆ, ಆದರೆ ಕೇಳಿಸಿಕೊಂಡೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ಪ್ರತಿ ಬಡಿತದ ಬೆನ್ನಿಗೆ ಹೃದಯದ ಮಾಂಸ ಮತ್ತೆ ಚಾರ್ಜ್ ಆಗಬೇಕಂತೆ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಟ್ಟಿಗೆ. ರಕ್ತ ಸಿಗದೆ ಒಣಗಿದ ಭಾಗ ಹಿಂದೆ ಬೀಳುತ್ತದೆ, ಪಕ್ಕದ ಭಾಗ ಮುಂದೆ ಹೋಗುತ್ತದೆ. ಈ ಅಂತರ ಹೆಚ್ಚಾದರೆ ಕರೆಂಟು ದಾರಿ ತಪ್ಪಿ ಒಂದೇ ಕಡೆ ಸುತ್ತತೊಡಗುತ್ತದೆ. ಹೃದಯ ಬಡಿಯುವುದನ್ನು ಬಿಟ್ಟು ನಡುಗುತ್ತದೆ. ನಡುಗುವ ಹೃದಯದಿಂದ ತಲೆಗೆ ರಕ್ತ ಹೋಗುವುದಿಲ್ಲ. ಮನುಷ್ಯ ವಾಲುತ್ತಾನೆ.

‘ಈಗ ನಾಳ ತೆರೆದ್ರಲ್ಲ, ಇನ್ನೇನು ಭಯ’ ಎಂದು ಅಲ್ಲಿಯೂ ಅವರ ಮಾತಿನ ನಡುವೆ ನೀನು ಬಾಯಿ ಹಾಕಿದ್ದೆ. ಅವರು ಬೇಜಾರಿಲ್ಲದೆ ಹೇಳಿದರು: ‘ತೆರೆದ ಕೂಡ್ಲೇ ಹೃದಯ ಶಾಂತ ಆಗಲ್ಲಮ್ಮ. ಒಮ್ಮೊಮ್ಮೆ ರಕ್ತ ವಾಪಸ್ ಬಂದಿದ್ದಕ್ಕೇ ರೇಗುತ್ತೆ. ಮೇಜಿನ ಮೇಲೇ ರೇಗಿತ್ತು, ನಾವು ನೋಡಿದ್ವಿ. ವಾರಗಳು ಕಳೀತಾ ಮಲಗಿದ್ದ ಮಾಂಸ ಏಳುತ್ತೆ, ಉಳಿದದ್ದರ ಜೊತೆ ಹೆಜ್ಜೆ ಹಾಕುತ್ತೆ. ತುಂಬಾ ಜನಕ್ಕೆ ಹಾಗಾಗುತ್ತೆ. ಆದ್ರೆ ಸತ್ತು ಕಲೆಯಾದ ಜಾಗಕ್ಕೆ ಎಷ್ಟು ರಕ್ತ ಕೊಟ್ರೂ ಅದು ಏಳಲ್ಲ. ಆ ಕಲೆಯ ಅಂಚಿನಿಂದ ಅಪಾಯ ಬರಬಹುದು. ಇವರ ಹೃದಯ ಯಾವ ದಾರಿ ಹಿಡಿಯುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ಮೂರು ತಿಂಗಳು ಈ ಜಾಕೆಟ್ ಹಾಕ್ಕೊಂಡು ಕಾಯೋಣ.’

ಅಪ್ಪ ‘ಹಳೇ ನಾಟಕದ ಹಾಲಿಗೆ ಹೊಸ ಮೇನ್ ಲೈನ್ ಎಳೆದ ಹಾಗೆ ಅನ್ನಿ. ಕರೆಂಟು ಬಂದ ದಿನವೇ ಎಲ್ಲಾ ದೀಪ ನೆಟ್ಟಗೆ ಉರಿಯಲ್ಲ, ಮೊದಲು ಮಿಣಮಿಣ ಅಂತವೆ. ಸುಟ್ಟುಹೋದ ಬಲ್ಬು ಯಾವ ಲೈನ್ ಎಳೆದ್ರೂ ಹತ್ತಲ್ಲ’ ಎಂದರು. ಡಾಕ್ಟರಮ್ಮ ‘ಮುಂದಿನ ರೋಗಿಗೆ ನೀವೇ ಹೇಳಿಬಿಡಿ ಸಾರ್’ ಎಂದು ನಕ್ಕರು. ಅಪ್ಪನಿಗೆ ಪೂರ್ತಿ ಅರ್ಥವಾಗಿತ್ತು. ನನಗೂ ಆಗಿತ್ತು. ನಿನಗೆ?

ಜಾಕೆಟ್ ತೊಡಿಸಿದ ನರ್ಸ್ ಇನ್ನೂ ನೇರವಾಗಿ ಹೇಳಿದ್ದಳು. ಬಡಿತ ಕೆಟ್ಟರೆ ಯಂತ್ರ ಮೊದಲು ನಡುಗುತ್ತದೆ, ಆಮೇಲೆ ಕೂಗುತ್ತದೆ. ಅಪ್ಪನಿಗೆ ಎಚ್ಚರವಿದ್ದರೆ ಸೊಂಟದ ಡಬ್ಬಿಯ ಎರಡು ಪಕ್ಕದ ಗುಂಡಿಗಳನ್ನು ಹಿಸುಕಬೇಕು, ಆಗ ಶಾಕ್ ನಿಲ್ಲುತ್ತದೆ. ಹಿಸುಕದಿದ್ದರೆ ಎಚ್ಚರವಿಲ್ಲ ಎಂದು ತಿಳಿದು ಶಾಕ್ ಕೊಡುತ್ತದೆ, ಜೀವ ಉಳಿಸುತ್ತದೆ. ‘ಅದಕ್ಕೇ ಬೇರೆ ಯಾರೂ ಒತ್ತಬಾರದು. ಮಕ್ಕಳು ಒತ್ತಬಾರದು, ಹೆಂಡತೀನೂ’ ಎನ್ನುವಷ್ಟರಲ್ಲಿ ನೀನು ‘ಒತ್ತಬಾರದು’ ಎಂದು ಮುಗಿಸಿಕೊಟ್ಟೆ. ಅವಳು ನಿನ್ನನ್ನು ಜಾಣೆ ಎಂದುಕೊಂಡಳು.

ಆ ಡಬ್ಬಿ ಅಪ್ಪನಿಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದ್ದೀಯಾ? ಅವರ ಪರವಾಗಿ ನೀನು ಇದ್ದೇನೆ ಎಂದೆ. ಅವರು ಇರಲಿಲ್ಲ ಅಮ್ಮಾ.

ಇದನ್ನು ಬರೆದು ಕಿಟಕಿಯ ಹತ್ತಿರ ಹೋಗಿ ನಿಂತು ಬಂದೆ. ನನ್ನನ್ನು ನಾನೇ ಸ್ವಲ್ಪ ಪ್ರಶ್ನೆ ಮಾಡಿಕೊಳ್ಳಬೇಕಿತ್ತು. ಇದು ನ್ಯಾಯವಾದ ಸಿಟ್ಟೇ? ನೀನು ಬೇಕೆಂದೇ ಮಾಡಿದೆ ಎಂದು ನಾನು ನಂಬಿದ್ದೇನೆಯೇ? ಇಲ್ಲ. ಜಾಕೆಟ್ಟಿನ ಪಟ್ಟಿ ಬೆವರಿಗೆ ಸಡಿಲವಾದಾಗ ಯಂತ್ರ ಸುಮ್ಮಸುಮ್ಮನೆ ಕೂಗುತ್ತಿತ್ತು, ನನಗೂ ಗೊತ್ತು. ಅಪ್ಪ ಎರಡೂ ಕೈ ಬೋರ್ಡಿನ ಮೇಲಿದ್ದಾಗ ನಿನ್ನ ಕಡೆ ಸೊಂಟ ತಿರುಗಿಸುತ್ತಿದ್ದರು, ನೀನು ಒತ್ತುತ್ತಿದ್ದೆ ಎಂದು ಗುಂಗುರಿಯೇ ಹೇಳಿದಳು. ಆಗೆಲ್ಲ ಗಂಡ ಎಚ್ಚರದಲ್ಲೇ ಇರುತ್ತಿದ್ದರು, ಅದೊಂದು ತಮಾಷೆಯ ಹಾಗೆ. ಹಾಗೆ ಕಲಿಸಿದವರು ಅವರೇ. ಅವರ ಮೇಲೂ ನನಗೆ ಸಿಟ್ಟಿದೆ, ಅವರಿಗೆ ಬೇರೆ ಕಾಗದ ಬರೆಯುತ್ತೇನೆ.

ನಮ್ಮ ನೀರಿನ ಘಟಕದಲ್ಲಿಯೂ ಹೀಗೇ. ಹೊಸದಾಗಿ ಸೇರಿದವರು ಮೊದಲು ಕಲಿಯುವುದು ಅಲಾರಂ ಬಾಯಿ ಮುಚ್ಚಿಸುವುದನ್ನು. ಕಾರಣ ಹುಡುಕುವುದನ್ನು ಆಮೇಲೆ ಕಲಿಯುತ್ತಾರೆ, ಕೆಲವರು ಕಲಿಯುವುದೇ ಇಲ್ಲ. ಕಳೆದ ವಾರ ಕ್ಲೋರಿನ್ ಮೀಟರ್ ಕೂಗಿದಾಗ ಫೋನಿನಲ್ಲಿದ್ದ ನಾನು ಮೊದಲು ಗುಂಡಿ ಒತ್ತಿದೆ, ಆಮೇಲೆ ಮೀಟರ್ ನೋಡಿದೆ. ಆದ್ದರಿಂದ ಒತ್ತಿದ ಕೈಯನ್ನು ನಾನು ಕ್ಷಮಿಸಬಲ್ಲೆ. ಕತ್ತಲಲ್ಲಿ, ಆಟದ ನಡುವೆ, ಸದ್ದಿಗೆ ಹೆದರಿದ ಕೈ ಅದು.

ಕ್ಷಮಿಸಲಾಗದ್ದು ಮಂಗಳವಾರದ ಮಾತು. ಅಲ್ಲಿ ಕತ್ತಲಿರಲಿಲ್ಲ. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಪ್ರೇಕ್ಷಕರಿರಲಿಲ್ಲ. ಗಂಡನ ಜೀವದ ಬಗ್ಗೆ ಒಬ್ಬರು ಬಾಯಿಬಿಟ್ಟು ಪ್ರಶ್ನೆ ಕೇಳಿದರು, ನೀನು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ.

ಯಾಕೆ ಹೇಳಿದೆ ಎಂದು ನಿನ್ನೆ ಸಂಜೆಯವರೆಗೂ ತಿಳಿಯಲಿಲ್ಲ. ಅದಕ್ಕೇ ನಿನಗೆ ಫೋನ್ ಮಾಡಿ, ಏನೂ ಗೊತ್ತಿಲ್ಲದವಳ ಹಾಗೆ, ‘ಆ ದಿನ ಅಪ್ಪ ಏನಾದ್ರೂ ತೂಕಡಿಸಿದ್ರಾ?’ ಎಂದು ಕೇಳಿದ್ದು. ನೀನು ಹರಿಹಾಯ್ದೆ. ‘ಯಾವ ನಾಲಿಗೆ ಹಾಗೆ ಹೇಳಿದ್ದು? ಅವರು ಬೋರ್ಡ್ ಮುಂದೆ ಕೂತು ಒಂದು ದಿನ ಕಣ್ಣು ಮುಚ್ಚಿಲ್ಲ. ಇನ್ನೊಂದ್ಸಲ ಆ ಮಾತು ಎತ್ತಿದ್ರೆ ನೋಡು’ ಎಂದು ಫೋನ್ ಕುಕ್ಕಿದೆ. ಆಗ ಗೊತ್ತಾಯಿತು. ನೀನು ಮುಚ್ಚಿಡುತ್ತಿರುವುದು ನಿನ್ನ ಕೈಯನ್ನಲ್ಲ, ಅವರ ನಿದ್ದೆಯನ್ನು.

ನಿದ್ದೆರಾಯನ ಕತೆ ಕೇಳಿಯೇ ನಾನು ಬೆಳೆದದ್ದು. ಅಪ್ಪನಿಗಿಂತ ಮುಂಚೆ ತಂಡದ ದೀಪ ನೋಡಿಕೊಳ್ಳುತ್ತಿದ್ದವನು. ಒಂದೇ ಒಂದು ದಿನ ಬೋರ್ಡಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ರಾಜನ ಪಾತ್ರದವನು ಕತ್ತಲಲ್ಲಿ ನಿಂತು ಅರ್ಧ ಭಾಷಣ ಮಾಡಿದ. ಅವನು ಎಷ್ಟು ವರ್ಷ ಚೆನ್ನಾಗಿ ದೀಪ ಹಾಕಿದ್ದನೋ ಯಾರಿಗೂ ನೆನಪಿಲ್ಲ. ಸತ್ತ ಮೇಲೂ ಜನ ‘ನಿದ್ದೆರಾಯ ಹೋದನಂತೆ’ ಎಂದೇ ಮಾತಾಡಿದರು. ಮಾತ್ರೆ ಶುರುವಾದ ಮೇಲೆ ಅಪ್ಪ ಮಧ್ಯಾಹ್ನದ ಹೊತ್ತು ಕೂತಲ್ಲೇ ತೂಕಡಿಸುತ್ತಾರೆ. ಆ ಸಂಜೆ ನಿನ್ನ ಹೆಗಲಿಗೆ ತಲೆ ತಾಗಿದಾಗ ನೀನು ಅದನ್ನೇ ನೆನೆದೆ. ಗಂಡನಿಗೆ ಆ ಹೆಸರು ಬರಬಾರದು ಎಂದುಕೊಂಡೆ. ದೀಪ ಇಳಿಸಿದೆ. ಸದ್ದು ಅಡಗಿಸಿದೆ. ಡಾಕ್ಟರಮ್ಮ ಕೇಳಿದಾಗಲೂ, ತಂಡದವರು ಕೇಳಿದರೋ ಎಂಬಂತೆ, ಅವರ ಮಾನ ಕಾಪಾಡಿದೆ.

ಇಲ್ಲಿ ನಾನು ನಿನ್ನ ಮೇಲೆ ಕರುಣೆ ತೋರಬೇಕು. ತೋರಲಾರೆ. ಮಾನ ಉಳಿಸಲು ಹೋಗಿ ಪ್ರಾಣ ಒತ್ತೆಯಿಟ್ಟೆಯಲ್ಲ!

ನನಗೆ ಏಳು ವರ್ಷವಿದ್ದಾಗ ನಾಯಿಕೆಮ್ಮು ಬಂದಿತ್ತು. ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇರಲಿಲ್ಲ, ನಿನ್ನ ಸ್ಟೂಲಿನ ಕೆಳಗೆ ಮಲಗಿಸಿಕೊಂಡಿದ್ದೆ. ಕೆಮ್ಮು ಬಂದಾಗಲೆಲ್ಲ ನಿನ್ನ ಅಂಗೈ ನನ್ನ ಬಾಯಿಯ ಮೇಲೆ ಬರುತ್ತಿತ್ತು. ಒರಟಾಗಿ ಅಲ್ಲ, ಮೆತ್ತಗೆ. ಇನ್ನೊಂದು ಕೈಯಲ್ಲಿ ಪುಟ ತಿರುಗಿಸುತ್ತಿದ್ದೆ. ಮೂಗಿನಲ್ಲಿ ನೀರು ಬಂದು, ಕಣ್ಣು ಕತ್ತಲಿಟ್ಟು, ನಿನ್ನ ಬೆರಳ ಸಂದಿನಲ್ಲಿ ಉಸಿರು ಹುಡುಕುತ್ತಿದ್ದೆ. ಆಟ ಮುಗಿದ ಮೇಲೆ ಎಲ್ಲರ ಮುಂದೆ ‘ನನ್ನ ಮಗಳು ಉಸಿರೂ ಬಿಟ್ಟಿಲ್ಲ ನೋಡಿ’ ಎಂದು ಹೊಗಳಿದೆ. ನಾನು ಹೆಮ್ಮೆಯಿಂದ ಹಿಗ್ಗಿದ್ದೆ. ನಿನ್ನೆ ಗುಂಗುರಿಯ ಹೊಗಳಿಕೆ ಕೇಳುವಾಗ ಆ ಅಂಗೈಯ ವಾಸನೆ ಮೂಗಿಗೆ ಬಂತು. ನನ್ನ ಸಿಟ್ಟಿನಲ್ಲಿ ಅಪ್ಪನ ಪಾಲೆಷ್ಟು, ಆ ಹುಡುಗಿಯ ಪಾಲೆಷ್ಟು, ಬಿಡಿಸಿ ಹೇಳಲಾರೆ. ಇದ್ದರೆ ಇರಲಿ. ಅವಳಿಗೂ ಒಂದು ಸಲ ಕೆಮ್ಮುವ ಹಕ್ಕಿದೆ.

ಈಗ ಗಟ್ಟಿಯಾಗಿ ಹೇಳುತ್ತೇನೆ, ಪಿಸುಗುಡುವುದಿಲ್ಲ. ಅಪ್ಪ ನಿದ್ದೆ ಮಾಡಿರಲಿಲ್ಲ. ತೂಕಡಿಸುವವನ ತಲೆ ಮೆಲ್ಲಗೆ ಇಳಿಯುತ್ತದೆ, ಬೆಚ್ಚಿ ಏಳುತ್ತದೆ, ಮತ್ತೆ ಇಳಿಯುತ್ತದೆ. ಪ್ರತಿ ಮಧ್ಯಾಹ್ನ ಅಪ್ಪನದೇ ನೋಡುತ್ತೀಯಲ್ಲ. ಅವತ್ತು ಹಾಗಾಯಿತೇ? ನಿನ್ನ ಹೆಗಲನ್ನು ಕೇಳು. ಕಿವಿಯ ಪಕ್ಕದಲ್ಲೇ ಯಂತ್ರ ಆ ಪರಿ ಕೂಗಿದಾಗ ಯಾವ ನಿದ್ದೆ ಉಳಿಯುತ್ತದೆ? ಅವರ ಕೈ ಬೋರ್ಡಿನಿಂದ ಜಾರಿದಾಗ ನೀನು ನೋಡಿರಬೇಕು. ನಿನ್ನ ಪಕ್ಕದಲ್ಲಿ ಕೂತಿದ್ದ ಮನುಷ್ಯ ಅಷ್ಟು ಹೊತ್ತು ಸಾವಿನ ಹೊಸ್ತಿಲಲ್ಲಿದ್ದರು. ನೀನು ಅವರನ್ನು ಕರೆದು ತರಲು ಬಂದ ಕೈಯನ್ನು ತಡೆದು ಹಿಡಿದು ದೀಪ ಇಳಿಸುತ್ತಿದ್ದೆ. ಅವರು ತಾವಾಗಿಯೇ ವಾಪಸ್ ಬಂದರು. ಅದೃಷ್ಟ. ಮುಂದಿನ ಸಲ ಬರುತ್ತಾರೆಂದು ಬರೆದುಕೊಡುವವರು ಯಾರು?

ತೆರೆದ ನಾಳ ಎಲ್ಲವನ್ನೂ ಸರಿಮಾಡಿಲ್ಲ ಎಂದು ಆ ಹೃದಯ ಕೂಗಿ ಹೇಳಿತು, ಅಮ್ಮಾ. ಪಂಪು ಸುಧಾರಿಸಿದ್ದು ನಿಜ, ಇಸಿಜಿ ಸಮವಾಗುತ್ತಿರುವುದೂ ನಿಜ. ಆದರೂ ಎಲ್ಲೋ ಒಂದು ಕಲೆಯ ಅಂಚು ಇನ್ನೂ ಕಿಡಿ ಹಾರಿಸುತ್ತಿದೆ. ಎಚ್ಚರವಿದ್ದು ಒತ್ತಿದರು ಎಂದರೆ ಅದಕ್ಕೊಂದು ಅರ್ಥ, ಎಚ್ಚರ ತಪ್ಪಿತ್ತು ಎಂದರೆ ಬೇರೆಯೇ ಅರ್ಥ. ಹಾಗಿದ್ದರೆ ಒಳಗೆ ಯಂತ್ರ ಬೇಕಾಗಬಹುದು, ಬೇರೆ ಪರೀಕ್ಷೆ ಬೇಕಾಗಬಹುದು. ತೀರ್ಮಾನ ಡಾಕ್ಟರಮ್ಮನದು. ಅವರ ಕೈಗೆ ನಿಜವನ್ನು ಕೊಡುವುದಷ್ಟೇ ನಮ್ಮ ಕೆಲಸ.

ಸೋಮವಾರದವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಆ ನರ್ಸಿಗೆ ಫೋನ್ ಮಾಡಿದೆ. ಮಂಗಳವಾರ ನಾವು ಹೇಳಿದ್ದರಲ್ಲಿ ಒಂದು ವಿಷಯ ತಪ್ಪಿದೆ, ದೊಡ್ಡ ತಪ್ಪು ಎಂದೆ. ‘ಏನದು?’ ಎಂದಳು. ಅವರಿಗೆ ಎಚ್ಚರ ತಪ್ಪಿತ್ತು ಎಂದು ಮಾತ್ರ ಹೇಳಿದೆ. ಒತ್ತಿದವರು ಯಾರು ಎಂದು ಅವಳು ಕೇಳಿದಳು. ಒತ್ತಿದವರೇ ಬಂದು ಹೇಳುತ್ತಾರೆ ಎಂದೆ. ಅವಳು ಡಾಕ್ಟರಮ್ಮನನ್ನು ಕೇಳಿ ಬಂದು, ‘ನಾಳೆ ಬೆಳಿಗ್ಗೆ ಮೊದಲನೇ ಪಾಳಿಗೇ ಕರ್ಕೊಂಡು ಬನ್ನಿ. ಉಳ್ಕೊಳ್ಳೋಕೆ ಬಟ್ಟೆ ತನ್ನಿ. ಅಲ್ಲೀವರೆಗೂ ಜಾಕೆಟ್ ಬಿಚ್ಚಬೇಡಿ, ಯಾರೂ ಮುಟ್ಟಬೇಡಿ, ತಲೆ ಸುತ್ತಿದ್ರೂ ಸರಿ ತಕ್ಷಣ ಆಂಬುಲೆನ್ಸ್ ಕರೀರಿ’ ಎಂದಳು. ಕೇಳಿಸಿತೇ? ಯಾರೂ ಮುಟ್ಟಬಾರದು. ಅದು ಕೂಗಿದರೆ ಕೂಗಲಿ. ಬೀದಿಯೆಲ್ಲ ಎದ್ದು ಬರಲಿ. ನೀನು ಎರಡೂ ಕೈ ಕಟ್ಟಿಕೊಂಡು ನಿಲ್ಲಬೇಕು. ಅದೇ ನೀನು ಅವರಿಗೆ ಮಾಡಬಹುದಾದ ಸೇವೆ.

ಶನಿವಾರದ ಆಟಕ್ಕೆ ಅಪ್ಪ ಹೋಗುವುದಿಲ್ಲ. ಇದನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ತಂಡದ ಯಜಮಾನರಿಗೆ ನಾನೇ ಫೋನ್ ಮಾಡಿದೆ. ‘ನಿಮ್ಮಪ್ಪ ಇಲ್ದೆ ನಾಟಕ ಹೆಂಗಮ್ಮಾ, ಕತ್ತಲಲ್ಲಿ ಆಡೋಣ್ವಾ?’ ಎಂದರು. ಆಡಿ ಎಂದೆ. ರೇಡಿಯೋ ನಾಟಕವೆಂದು ಟಿಕೆಟ್ ಮಾರಿ ಎಂದೆ. ಅವರು ‘ಅಲ್ಲಮ್ಮಾ, ಅದು...’ ಎಂದು ತಡವರಿಸಿದರು. ಪ್ರಾಂಪ್ಟ್ ಮಾಡಲು ನೀನು ಪಕ್ಕದಲ್ಲಿ ಇರಲಿಲ್ಲವಲ್ಲ.

ನಾಳೆ ಬೆಳಿಗ್ಗೆ ಟ್ಯಾಕ್ಸಿ ತರುತ್ತೇನೆ. ಡಾಕ್ಟರಮ್ಮನ ಎದುರಿಗೆ ಆ ಮಾತನ್ನು ನಾನು ಹೇಳಬಹುದು. 'ಒತ್ತಿದ್ದು ನಮ್ಮಮ್ಮ' ಎಂದರೆ ಮುಗಿಯಿತು, ಎರಡು ಪದ. ಹೇಳಬಾರದೆಂದು ನಿರ್ಧರಿಸಿದ್ದೇನೆ. ಯಾಕೆ? ನಿನ್ನನ್ನು ಶಿಕ್ಷಿಸಲೆಂದೇ? ರಾತ್ರಿಯಿಂದ ಈ ಪ್ರಶ್ನೆಯನ್ನು ತಿರುಗಿಸಿ ನೋಡಿದ್ದೇನೆ. ಸ್ವಲ್ಪ ಅದೂ ಇದೆ, ಸುಳ್ಳು ಹೇಳಲಾರೆ. ಆದರೆ ನಾನು ಹೇಳಿದರೆ ನಾನೂ ನಿನ್ನ ಹಾಗೇ ಆಗುತ್ತೇನೆ, ಇನ್ನೊಬ್ಬರ ಬಾಯಿಯ ಮಾತನ್ನು ಕಸಿದುಕೊಂಡವಳು. ನಮ್ಮ ಮನೆಯಲ್ಲಿ ಅದು ಸಾಕಾಗಿದೆ.

ನೀನೇ ಕಲಿಸಿದ ಪಾಠವೊಂದಿದೆ. ನಟ ಸುಮ್ಮನೆ ನಿಂತಾಗ ಆತುರಪಟ್ಟು ಮಾತು ಕೊಡಬಾರದು, ಅವನು ನಟಿಸುತ್ತಿರಬಹುದು. ಅವನು ನಿನ್ನ ಕಡೆ ತಿರುಗಿ ನೋಡಿದರೆ ಮಾತ್ರ ಕೊಡಬೇಕು. ನಾಟಕದಲ್ಲಿ ನೀನು ಈ ನಿಯಮವನ್ನು ಒಂದು ದಿನವೂ ಮುರಿಯಲಿಲ್ಲ, ಮನೆಯಲ್ಲಿ ಒಂದು ದಿನವೂ ಪಾಲಿಸಲಿಲ್ಲ. ನಾಳೆ ನಾನು ಪಾಲಿಸುತ್ತೇನೆ. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ. ಎಷ್ಟು ಹೊತ್ತಾದರೂ ಕಾಯುತ್ತೇನೆ. ತೀರಾ ಬಾಯಿ ಬರದಿದ್ದರೆ ನನ್ನ ಕಡೆ ನೋಡು. ಕೊಡುತ್ತೇನೆ.

ಈ ಕಾಗದವನ್ನು ಕೆಲಸ ಮುಗಿಸಿ ಬರುವಾಗ ನಿನ್ನ ಕೈಗೇ ಕೊಟ್ಟು ಹೋಗುತ್ತೇನೆ. ಒಳಗೆ ಕರೆಯಬೇಡ. ಕೂತರೆ ಕಾಫಿ ಕೊಡುತ್ತೀಯ, ಕಾಫಿ ಕುಡಿದರೆ ಸಿಟ್ಟು ಇಳಿಯುತ್ತದೆ. ಇವತ್ತು ಇಳಿಯುವುದು ನನಗೆ ಬೇಡ.

ಇನ್ನೂ ರೇಗಿಕೊಂಡೇ ಇರುವ,
ನಿನ್ನ ಮಗಳು

ಕೊನೆಗೊಂದು ಮಾತು: ಬರೆಯಬಾರದೆಂದು ಬಿಟ್ಟಿದ್ದೆ, ಅಪ್ಪನಿಗೆ ಮಾತು ಕೊಟ್ಟಿದ್ದೆ. ಮುರಿಯುತ್ತಿದ್ದೇನೆ. ಮಂಗಳವಾರ ನೀನು ಔಷಧಿ ಅಂಗಡಿಯ ಸಾಲಿನಲ್ಲಿದ್ದಾಗ ಅಪ್ಪ ನನ್ನನ್ನು ಕಂಬದ ಮರೆಗೆ ಕರೆದರು. ‘ನಿಮ್ಮಮ್ಮಂಗೆ ಹೇಳ್ಬೇಡ ಕಣೇ. ಅವತ್ತು ನಾನು ಬೋರ್ಡ್ ಮುಂದೆ ನಿದ್ದೆ ಹೋಗಿಬಿಟ್ಟೆ. ಗುಂಡಿ ಒತ್ತಿದ್ದೂ ನೆನಪಿಲ್ಲ, ದೀಪ ಇಳಿಸಿದ್ದೂ ನೆನಪಿಲ್ಲ. ಅವಳು ಹೇಳಿದ್ದಕ್ಕೆ ಹೂಂ ಅಂದೆ. ಈ ಆಟಗಳು ಮುಗಿದ್ಮೇಲೆ ಬೋರ್ಡ್ ಬಿಟ್ಬಿಡ್ತೀನಿ. ನಿದ್ದೆರಾಯ ಅನ್ನಿಸ್ಕೊಳ್ಳೋ ಮೊದ್ಲು ನಾನೇ ಎದ್ದು ಬರೋದು ಒಳ್ಳೇದು’ ಎಂದರು. ನಾನು ‘ವಯಸ್ಸಾಯ್ತಲ್ಲಪ್ಪ, ಆಗುತ್ತೆ ಬಿಡಿ’ ಎಂದು ಬೆನ್ನು ಸವರಿದೆ. ಡಾಕ್ಟರಮ್ಮ ನಾಳೆ ಕೇಳಿಸಿಕೊಳ್ಳಲಿ. ಅಪ್ಪನಿಗೆ ಇವತ್ತೇ ಹೇಳು, ಈ ಕಾಗದ ಮಡಿಚುವ ಮೊದಲು ಹೇಳು: ನೀವು ನಿದ್ದೆ ಮಾಡಿರಲಿಲ್ಲ ಎಂದು.